ಆ್ಯಂಟಿಆಕ್ಸಿಡೆಂಟ್ ಫ್ರೀ ರ್ಯಾಡಿಕಲ್‌ಗಳನ್ನು 'ಗುಡಿಸುತ್ತದೆ' ಅಂದರೆ ಏನು?

ಪ್ರಶ್ನೆ: ಮೇಡಂ, ಸಪ್ಲಿಮೆಂಟ್ ಡಬ್ಬಿಗಳ ಮೇಲೆ "ಫ್ರೀ ರ್ಯಾಡಿಕಲ್‌ಗಳನ್ನು ಗುಡಿಸಿ ಹಾಕುತ್ತದೆ" ಅಂತ ಇರುತ್ತದೆ. ಗುಡಿಸಿದ ಮೇಲೆ ಅವು ಹೋಗುವುದೆಲ್ಲಿಗೆ? ಮೂತ್ರದಲ್ಲಿ ಹೊರಗೆ ಹೋಗುತ್ತವಾ? ನೀವು ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇರುವವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಹೆಚ್ಚಿನವು ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ತಣ್ಣಗಾಗುತ್ತವೆ.

ಅಣುವಿನಲ್ಲಿ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಒಂದಕ್ಕೆ ಜೋಡಿ ತಪ್ಪಿತು ಅಂದರೆ ಅದು ಫ್ರೀ ರ್ಯಾಡಿಕಲ್. ಅದು ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಈಗ ಕಳೆದುಕೊಂಡ ಅಣುವೇ ರ್ಯಾಡಿಕಲ್ ಆಯಿತು, ಅದು ಮುಂದಿನದರ ಮೈಮೇಲೆ ಬೀಳುತ್ತದೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಲ್ಲಿ ಈ ಸರಪಳಿ ಬಹಳ ಬೇಗ ಹಬ್ಬುತ್ತದೆ. ಹಳೇ ಎಣ್ಣೆಗೆ ಕಮಟು ವಾಸನೆ ಬರುತ್ತದಲ್ಲ, ಅದರ ಹಿಂದೆ ಇರುವುದೂ ಇದೇ ಸರಪಳಿ.

ಪೊರೆಯೊಳಗೆ ವಿಟಮಿನ್ ಇ ಎಂಬ ಆ್ಯಂಟಿಆಕ್ಸಿಡೆಂಟ್ ಕೂತಿರುತ್ತದೆ. ಸರಪಳಿ ಅದರ ಹತ್ತಿರ ಬಂದಾಗ ತನ್ನದೊಂದು ಹೈಡ್ರೋಜನ್ ಪರಮಾಣುವನ್ನು ಕೊಟ್ಟು ಎದುರಿನ ರ್ಯಾಡಿಕಲ್ಲನ್ನು ಸುಮ್ಮನಾಗಿಸುತ್ತದೆ. ಕೊಟ್ಟ ಮೇಲೆ ತಾನೂ ರ್ಯಾಡಿಕಲ್ ಆಗುತ್ತದೆ, ಆದರೆ ಸೋಮಾರಿ ರ್ಯಾಡಿಕಲ್. ಒಂಟಿ ಎಲೆಕ್ಟ್ರಾನ್ ಅದರ ಉಂಗುರದ ತುಂಬ ಹರಡಿಕೊಂಡಿರುವುದರಿಂದ ಯಾರ ಮೇಲೂ ಸುಲಭಕ್ಕೆ ಎಗರುವುದಿಲ್ಲ. ಪೊರೆಯ ಅಂಚಿನಲ್ಲಿ, ನೀರಿನ ಕಡೆ ನಿಂತಿರುವ ವಿಟಮಿನ್ ಸಿ ಅದನ್ನು ಮತ್ತೆ ಮೊದಲಿನ ಹಾಗೆ ಮಾಡುತ್ತದೆ. ಸಿ ಕಳೆದುಕೊಂಡಿದ್ದನ್ನು ಗ್ಲುಟಾಥಯೋನ್ ಎಂಬ, ಜೀವಕೋಶವೇ ಮಾಡಿಕೊಳ್ಳುವ ಸಣ್ಣ ಅಣು ತುಂಬಿಕೊಡುತ್ತದೆ. ಗ್ಲುಟಾಥಯೋನ್‌ಗೆ ಬೇಕಾದ ಎಲೆಕ್ಟ್ರಾನ್ ಬಹುಪಾಲು ಗ್ಲುಕೋಸ್ ಒಡೆಯುವ ದಾರಿಯಿಂದ ಬರುತ್ತದೆ. ಅಂದರೆ ಸಾಲ ಕೈಯಿಂದ ಕೈಗೆ ದಾಟಿ ಕೊನೆಗೆ ಸಕ್ಕರೆ ಅದನ್ನು ತೀರಿಸುತ್ತದೆ! ಡಬ್ಬಿ ಬರೆಯುವವರು ಇದನ್ನು 'ಗುಡಿಸುವುದು' ಅನ್ನುತ್ತಾರೆ. ನನಗಂತೂ ಆ ಪದ ಒಗ್ಗುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಇದನ್ನೆಲ್ಲ ಕಣ್ಣಲ್ಲಿ ನೋಡೋಕೆ ಆಗುತ್ತಾ, ಅಥವಾ ಬರೀ ಥಿಯರಿನಾ?

ಉತ್ತರ: ಆಗುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಡಿಪಿಪಿಎಚ್ ಅಂತ ಒಂದು ರ್ಯಾಡಿಕಲ್ ಇದೆ. ಎಷ್ಟು ಸಾಧು ಅಂದರೆ ಪುಡಿಯಾಗಿ ಬಾಟಲಿಯಲ್ಲಿ ಸಿಗುತ್ತದೆ. ಮೆಥನಾಲ್‌ನಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ. ಅದಕ್ಕೆ ವಿಟಮಿನ್ ಸಿ ದ್ರಾವಣ ಹನಿಸಿ ಅಲ್ಲಾಡಿಸಿ, ನೋಡನೋಡುತ್ತಲೇ ನೇರಳೆ ಹೋಗಿ ತೆಳು ಹಳದಿ ಉಳಿಯುತ್ತದೆ. 517 ನ್ಯಾನೋಮೀಟರ್ ಬೆಳಕಿನಲ್ಲಿ ಎಷ್ಟು ಬಣ್ಣ ಇಳಿಯಿತು ಅಂತ ಅಳೆಯುತ್ತೇವೆ. ಹೊಸದಾಗಿ ಬಂದ ವಿದ್ಯಾರ್ಥಿಗಳು ಇದನ್ನು ಎರಡೆರಡು ಸಲ ಮಾಡಿಸಿಕೊಂಡು ನೋಡುತ್ತಾರೆ.

ತೊಂದರೆ ಶುರುವಾಗುವುದೂ ಇಲ್ಲೇ. ಜಾಸ್ತಿ ಬಣ್ಣ ಇಳಿಸಿದ್ದೇ ಜಾಸ್ತಿ ಒಳ್ಳೆಯದು ಅಂತ ಜಾಹೀರಾತು ಹೊರಡುತ್ತದೆ. ಬಣ್ಣ ಅಳೆಯುವ ಪುಟ್ಟ ಗಾಜಿನ ಪಾತ್ರೆ, ಅಂದರೆ ಕ್ಯುವೆಟ್‌ಗೆ ಕರುಳೂ ಇಲ್ಲ, ಲಿವರ್ರೂ ಇಲ್ಲ. ನುಂಗಿದ್ದರಲ್ಲಿ ಎಷ್ಟು ರಕ್ತಕ್ಕೆ ಸೇರಿತು, ಸೇರುವ ಮೊದಲು ಏನಾಗಿ ಬದಲಾಯಿತು, ಅದು ಹೇಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಇಂಥದ್ದೇ ಒಂದು ಟೆಸ್ಟ್‌ನ ಅಂಕಗಳ ಪಟ್ಟಿ ಇಟ್ಟಿತ್ತು. ವ್ಯಾಪಾರಕ್ಕೆ ದುರುಪಯೋಗ ಆಗುತ್ತಿದೆ ಅಂತ 2012ರಲ್ಲಿ ತೆಗೆದುಹಾಕಿತು.

ಪ್ರಶ್ನೆ: ಹೈಡ್ರಾಕ್ಸಿಲ್ ರ್ಯಾಡಿಕಲ್ ಎಲ್ಲಕ್ಕಿಂತ ಕೆಟ್ಟದ್ದಂತೆ. ಅದನ್ನು ಹಿಡಿಯೋದು ಯಾವುದು?

ಉತ್ತರ: ದೇಹದೊಳಗೆ ಅದನ್ನು ಹಿಡಿಯುವುದು ಹೆಚ್ಚುಕಡಿಮೆ ಆಗದ ಮಾತು. ಅದರ ಆಯಸ್ಸು ನ್ಯಾನೋಸೆಕೆಂಡ್‌ಗಳ ಲೆಕ್ಕ. ಹುಟ್ಟಿದ ಜಾಗದಲ್ಲೇ ಪಕ್ಕಕ್ಕೆ ಸಿಕ್ಕಿದ್ದನ್ನು ಹೊಡೆದು ಮುಗಿಸಿರುತ್ತದೆ. ಓಡಿಹೋಗಿ ತಡೆಯೋಕೆ ಪುರುಸೊತ್ತೇ ಇಲ್ಲ.

ಹಾಗಾಗಿ ದೇಹ ಅದು ಹುಟ್ಟದ ಹಾಗೆ ನೋಡಿಕೊಳ್ಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ಗೆ ಬಿಡಿ ಕಬ್ಬಿಣ ಸಿಕ್ಕರೆ ಹೈಡ್ರಾಕ್ಸಿಲ್ ಹುಟ್ಟುತ್ತದೆ. ಅದಕ್ಕೇ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನ್ ತನ್ನ ಹೊಟ್ಟೆಯೊಳಗೆ ಬೀಗ ಹಾಕಿ ಇಡುತ್ತದೆ. ಸೂಪರ್‌ಆಕ್ಸೈಡ್ ರ್ಯಾಡಿಕಲ್ಲನ್ನು ಎಸ್‌ಒಡಿ ಎಂಬ ಕಿಣ್ವ ಪೆರಾಕ್ಸೈಡ್ ಮಾಡುತ್ತದೆ. ಈ ಕೆಲಸವನ್ನು ಮ್ಯಾಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ತೋರಿಸಿದ್ದು 1969ರಲ್ಲಿ. ಆ ಪೆರಾಕ್ಸೈಡನ್ನು ಕೆಟಲೇಸ್ ಕಿಣ್ವ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದೊಂದು ಕೆಟಲೇಸ್ ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಒಡೆಯುತ್ತದೆ. ಗಾಯದ ಮೇಲೆ ಪೆರಾಕ್ಸೈಡ್ ಸುರಿದಾಗ ಬುಸ್ ಅಂತ ನೊರೆ ಉಕ್ಕುವುದನ್ನು ನೋಡಿರುತ್ತೀರಿ. ಅದು ನಿಮ್ಮದೇ ಕೆಟಲೇಸ್.

ಈ ಕಿಣ್ವಗಳು ದೇಹವೇ ಮಾಡಿಕೊಳ್ಳುವಂಥವು. ಮಾತ್ರೆಯಾಗಿ ನುಂಗಿದರೆ ಬೇರೆ ಪ್ರೋಟೀನ್‌ಗಳ ಹಾಗೆ ಬಹುಪಾಲು ಜೀರ್ಣವಾಗಿ ಹೋಗುತ್ತವೆ.

ಪ್ರಶ್ನೆ: ಫ್ರೀ ರ್ಯಾಡಿಕಲ್ ಅಲ್ಲದ ಬೇರೆ ವಿಷಗಳನ್ನೂ ಇವು ತೆಗೆಯುತ್ತವಾ?

ಉತ್ತರ: ಗ್ಲುಟಾಥಯೋನ್ ತೆಗೆಯುತ್ತದೆ. ಮೊದಲು ಕೇಳಿದವರ ಮೂತ್ರದ ಮಾತು ಇಲ್ಲಿ ನಿಜವಾಗುತ್ತದೆ ನೋಡಿ. ಪ್ಯಾರಾಸಿಟಮಾಲ್ ತಗೊಂಡಾಗ ಅದರ ಸ್ವಲ್ಪ ಭಾಗ ಲಿವರ್‌ನಲ್ಲಿ ಎನ್‌ಎಪಿಕ್ಯೂಐ ಅನ್ನುವ ವಿಷವಾಗುತ್ತದೆ. ಗ್ಲುಟಾಥಯೋನ್ ತನ್ನ ಗಂಧಕದ ತುದಿಯಿಂದ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ನೀರಲ್ಲಿ ಕರಗುತ್ತದೆ, ಆಮೇಲೆ ಹೊರಗೆ ಹೋಗುತ್ತದೆ. ಇಲ್ಲಿ ಸಾಲ ವಾಪಸ್ ಬರುವುದಿಲ್ಲ, ಗ್ಲುಟಾಥಯೋನ್ ಖರ್ಚಾಗಿಯೇ ಹೋಗುತ್ತದೆ. ಮಾತ್ರೆ ಅತಿಯಾದರೆ ದಾಸ್ತಾನು ಬರಿದಾಗಿ ಲಿವರ್ ಕೋಶಗಳು ಸಾಯುತ್ತವೆ. ಆಸ್ಪತ್ರೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಡುವುದು ಗ್ಲುಟಾಥಯೋನ್ ಮಾಡಲು ಕಚ್ಚಾವಸ್ತು ಒದಗಿಸೋಕೆ. ಅತಿಯಾಗಿ ಮಾತ್ರೆ ನುಂಗಿದ 8 ಗಂಟೆಯೊಳಗೆ ಶುರುವಾದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಹಾಗಾದ್ರೆ ಜಾಸ್ತಿ ತಗೊಂಡಷ್ಟೂ ಒಳ್ಳೇದೇ ಅಲ್ವಾ? ನಾನು ಜಿಮ್‌ಗೆ ಹೋಗ್ತೀನಿ, ದಿನಾ ಸಿ ಮತ್ತು ಇ ಎರಡೂ ತಗೋತೀನಿ.

ಉತ್ತರ: ನಿಮಗೆ ಸರಿಯಾಗಿ ಹೊಂದುವ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಗಿದೆ. ಗಂಡಸರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ದಿನಾ 1000 ಮಿ.ಗ್ರಾಂ ಸಿ ಮತ್ತು 400 ಯೂನಿಟ್ ಇ ಕೊಟ್ಟರು. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಕೆಲಸ ಮಾಡುವುದು ಸುಧಾರಿಸಿತು, ಮಾತ್ರೆ ತಗೊಂಡವರಲ್ಲಿ ಆಗಲಿಲ್ಲ. ವ್ಯಾಯಾಮದಲ್ಲಿ ಹುಟ್ಟುವ ರ್ಯಾಡಿಕಲ್‌ಗಳೇ ಸ್ನಾಯುವಿಗೆ "ಗಟ್ಟಿಯಾಗು" ಅಂತ ಸೂಚನೆ ಕೊಡುತ್ತವೆ. ಸೂಚನೆಯನ್ನೇ ಒರೆಸಿಬಿಟ್ಟರೆ? ಬಿಳಿ ರಕ್ತಕಣಗಳು ರೋಗಾಣು ಕೊಲ್ಲೋಕೆ ಬೇಕಂತಲೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ, ಅದೂ ಗೊತ್ತಿರಲಿ.

ಇದಕ್ಕಿಂತ ಕಹಿ ಸುದ್ದಿ ಫಿನ್‌ಲೆಂಡ್‌ನದು. 29,133 ಧೂಮಪಾನಿ ಗಂಡಸರನ್ನು ಸೇರಿಸಿ ಮಾಡಿದ ಪ್ರಯೋಗ. ಕ್ಯಾರೆಟ್‌ಗೆ ಬಣ್ಣ ಕೊಡುವ ಆ್ಯಂಟಿಆಕ್ಸಿಡೆಂಟ್ ಬೀಟಾ ಕ್ಯಾರೊಟೀನ್ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಮಾಡುತ್ತದೆ ಅಂತ ಎಲ್ಲರ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ, ದಿನಾ 20 ಮಿ.ಗ್ರಾಂ ತಗೊಂಡವರಲ್ಲಿ ಅದು ಶೇ. 18ರಷ್ಟು ಜಾಸ್ತಿ ಆಗಿತ್ತು. ಸಿಗರೇಟು ಸೇದುವವರು ಈ ಮಾತ್ರೆಯ ಹತ್ತಿರವೂ ಹೋಗಬೇಡಿ.

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಕೀಮೋ ನಡೀತಿದೆ. ಶಕ್ತಿ ಬರಲಿ ಅಂತ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡ್ತಿದ್ದೀವಿ, ಪರವಾಗಿಲ್ವಾ?

ಉತ್ತರ: ನಾನು ವೈದ್ಯೆ ಅಲ್ಲ, ಆದರೂ ಇದನ್ನು ಹೇಳಲೇಬೇಕು. ಕೆಲವು ಕೀಮೋ ಔಷಧಿಗಳು, ರೇಡಿಯೇಷನ್ ಕೂಡ, ಕ್ಯಾನ್ಸರ್ ಕೋಶವನ್ನು ಕೊಲ್ಲುವುದರಲ್ಲಿ ಫ್ರೀ ರ್ಯಾಡಿಕಲ್‌ಗಳ ಪಾಲಿದೆ. ಮಾತ್ರೆ ಅಡ್ಡ ಬಂದೀತು. ಇವತ್ತೇ ಅವರ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ ಕೇಳಿ. ಮುಂದಿನ ಸಲ ಹೋಗುವಾಗ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಏನೇನು ಎಷ್ಟೆಷ್ಟು ಇದೆ ಅಂತ ಅವರೇ ಹಿಂಭಾಗ ಓದಿಕೊಳ್ಳಲಿ.