ಅಪ್‌ಡೇಟ್: ಮಾತ್ರೆ ಬದಲಾಯಿಸಿದ ಮೇಲೆ ಹೇಗಿದ್ದೇನೆ

ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆಯಲ್ಲಿ ಮನಸ್ಸು ಸ್ವಲ್ಪ ಹಗುರಾಗಿದೆ, ಆದರೆ ನಿದ್ದೆ ಇಲ್ಲ, ಬೇರೆ ಮಾತ್ರೆ ತಗೊಂಡವರು ಅನುಭವ ಹೇಳಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೈಸೂರಿನ ಡಾಕ್ಟರ್ ಈಗ ಮಿರ್ಟಜಪೈನ್ ಕೊಟ್ಟಿದ್ದಾರೆ, ಅದೂ ಖಿನ್ನತೆಯ ಮಾತ್ರೆಯೇ. ಹಳೆಯದನ್ನು ಒಮ್ಮೆಲೇ ನಿಲ್ಲಿಸಲಿಲ್ಲ, ಡೋಸ್ ಇಳಿಸುತ್ತಾ ಬಂದರು. ದಿಢೀರ್ ಬಿಟ್ಟರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆಲ್ಲ ಆಗಬಹುದಂತೆ.

ಈ ಹೊಸದು ರಾತ್ರಿ ಮಲಗುವಾಗ ನುಂಗುವ ಮಾತ್ರೆ. ನಿದ್ದೆ ಅಂದರೆ ನಿದ್ದೆ! ಮೊದಮೊದಲು ಬೆಳಿಗ್ಗೆ ಮಂಡ್ಯ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟಿದ್ದೂ ಗೊತ್ತಾಗುತ್ತಿರಲಿಲ್ಲ. ಈಗ ಆ ಮಂಪರು ಕಡಿಮೆ. ಹಸಿವು ಮಾತ್ರ ಜಾಸ್ತಿ. ಪ್ಯಾಂಟುಗಳೆಲ್ಲ ಬಿಗಿ. ಎರಡನೇ ಮುದ್ದೆ ಕೇಳುತ್ತೇನಲ್ಲ, ಅಮ್ಮನಿಗೆ ಭಾರಿ ಖುಷಿ.

ನಿಮ್ಮಲ್ಲೊಬ್ಬರಿಗೆ ಸರ್ಟ್ರಾಲಿನ್‌ನಿಂದ ಹೊಟ್ಟೆ ಕೆಟ್ಟಿತ್ತು, ಇನ್ನೊಬ್ಬರಿಗೆ ಅದೇ ಹಿಡಿಸಿತ್ತು. ಹೀಗಿರುವಾಗ ಯಾವುದು ಬೆಸ್ಟ್ ಅಂತ ಕೇಳುವುದೇ ಸುಮ್ನೆ ಅಲ್ವಾ? ಲೈಂಗಿಕ ಆಸಕ್ತಿ ಕುಗ್ಗಿದ್ದನ್ನು ಮುಚ್ಚುಮರೆಯಿಲ್ಲದೆ ಬರೆದವರಿಗೆ ದೊಡ್ಡ ಥ್ಯಾಂಕ್ಸ್. ಅದನ್ನು ಓದಿದ ಮೇಲೆ ನನಗೂ ಡಾಕ್ಟರ್ ಮುಂದೆ ಬಾಯಿ ಬಿಡಲು ಧೈರ್ಯ ಬಂತು. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಥರದ ಮಾತ್ರೆಗಳಲ್ಲಿ ಅದು ಸಾಮಾನ್ಯ, ಮಿರ್ಟಜಪೈನ್‌ನಲ್ಲಿ ಕಡಿಮೆ ಅಂದರು. ಮಾತ್ರೆ ಬದಲಾಯಿಸಲು ಅದೂ ಒಂದು ಕಾರಣ.

ಮನಸ್ಸು? ಮೊದಲಿಗಿಂತ ವಾಸಿ. ಪೂರ್ತಿ ಸರಿಹೋಗಿಲ್ಲ. ಪರಿಣಾಮ ಗೊತ್ತಾಗಲು ಕೆಲವು ವಾರ ಬೇಕು ಅಂದಿದ್ದಾರೆ.

ಅರ್ಧರಾತ್ರಿ ಸಂಕಟವಾದರೆ ಯಾರಿಗೆ ಫೋನ್ ಮಾಡಲಿ ಅಂದಿದ್ದವರಿಗೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.