ಕೂಲರ್ ಬದಲಿಸಿದ ಮೇಲೆ ಜಿಪಿಯು ಬರೀ 58 ಡಿಗ್ರಿ, ಆದರೂ ಹತ್ತೇ ನಿಮಿಷಕ್ಕೆ ಸ್ಕ್ರೀನ್ ಕಪ್ಪು

ಸದ್ದಡಗಲಿ

ನಮಸ್ಕಾರ. ಮೂರು ದಿನದಿಂದ ಇದೇ ತಲೆನೋವು. ನನ್ನದು ಜಿಟಿಎಕ್ಸ್ 1070 ಗ್ರಾಫಿಕ್ಸ್ ಕಾರ್ಡ್, ಬಿಸಿ ಗಾಳಿಯನ್ನು ಹಿಂಬದಿಗೆ ಊದುವ ಬ್ಲೋವರ್ ಮಾದರಿ. ಗೇಮ್ ಶುರು ಮಾಡಿದರೆ 83 ಡಿಗ್ರಿ ಮುಟ್ಟಿ ಹೇರ್ ಡ್ರೈಯರ್ ಥರ ಕೂಗುತ್ತಿತ್ತು, ಹೆಡ್‌ಫೋನ್ ಹಾಕಿಕೊಂಡರೂ ಬಿಡುತ್ತಿರಲಿಲ್ಲ. ಕೊನೆಗೆ ಧೈರ್ಯ ಮಾಡಿ ಹಳೇ ಕೂಲರನ್ನು ಪೂರ್ತಿ ಬಿಚ್ಚಿ, ಎರಡು 120 ಮಿ.ಮೀ. ಫ್ಯಾನ್ ಕೂರುವ ದೊಡ್ಡ ಹೀಟ್‌ಸಿಂಕ್ ಹಾಕಿದೆ. ಕಿಟ್ ಜೊತೆ ಬಂದ ಸಣ್ಣ ಅಲ್ಯೂಮಿನಿಯಂ ತುಂಡುಗಳನ್ನು ಎಂಟೂ ಮೆಮೊರಿ ಚಿಪ್‌ಗೆ ಅಂಟಿಸಿದೆ. ಪಕ್ಕದ ಸಾಲಿನ ಕಪ್ಪು ಬಿಡಿಭಾಗಗಳಿಗೆ ಜಾಗ ಇದ್ದ ಕಡೆ ಅಂಟಿಸಿ, ಇಲ್ಲದ ಕಡೆ ಹಾಗೇ ಬಿಟ್ಟೆ.

ಈಗ ಫುಲ್ ಲೋಡ್‌ನಲ್ಲೂ 58 ಡಿಗ್ರಿ. ಖುಷಿಪಡೋಣ ಅಂದರೆ, ಗೇಮ್ ಹಾಕಿ ಹತ್ತು ನಿಮಿಷ ಆಗುವಷ್ಟರಲ್ಲಿ ಸ್ಕ್ರೀನ್ ಕಪ್ಪಾಗುತ್ತೆ. ಫ್ಯಾನ್‌ಗಳು ತಿರುಗುತ್ತಲೇ ಇರುತ್ತವೆ. ಕೊನೆಯ ಸದ್ದು ಎರಡು ಸೆಕೆಂಡ್ ಅಲ್ಲಲ್ಲೇ ಸಿಕ್ಕಿಕೊಂಡು ನಿಲ್ಲುತ್ತೆ. ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು.

ಇನ್ನೊಂದು: ಫ್ಯಾನ್‌ಗಳನ್ನು ಮದರ್‌ಬೋರ್ಡ್‌ಗೆ ಸಿಕ್ಕಿಸಿದ್ದೇನೆ. ಬ್ರೌಸರ್ ತೆರೆದರೂ ಜೋರಾಗಿ ಓಡುತ್ತವೆ, ಗೇಮ್ ಆಡುವಾಗ ಸುಮ್ಮನಾಗುತ್ತವೆ. ಎಲ್ಲ ತಲೆಕೆಳಗು.

ಪಿಕ್ಸೆಲ್‌ಪುಟ್ಟ

ಗುರು, 8 ಪಿನ್ ಪವರ್ ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯಾ? ದೊಡ್ಡ ಕೂಲರ್ ಭಾರಕ್ಕೆ ಕಾರ್ಡ್ ಸ್ಲಾಟ್‌ನಲ್ಲಿ ಜೋತುಬಿದ್ದರೂ ಹೀಗಾಗುತ್ತೆ. ಒಂದ್ಸಲ ತೆಗೆದು ಹಾಕಿ. ಡ್ರೈವರ್ ಕೂಡ ಹೊಸದಾಗಿ ಇನ್‌ಸ್ಟಾಲ್ ಮಾಡಿ ನೋಡಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಎಷ್ಟು ವಾಟ್?

ಸದ್ದಡಗಲಿ

650 ವಾಟ್. ಹಳೇ ಕೂಲರ್ ಇದ್ದಾಗ ಇದೇ ಎಸ್‌ಎಂಪಿಎಸ್‌ನಲ್ಲಿ ಒಂದು ವರ್ಷ ಒಂದೇ ಒಂದು ಸಲವೂ ಹೀಗಾಗಿಲ್ಲ. ಕಾರ್ಡ್ ತೆಗೆದು ಮತ್ತೆ ಕೂರಿಸಿ, ಕೆಳಗೊಂದು ಆಸರೆ ಕೊಟ್ಟೆ. ಡ್ರೈವರ್ ಅಳಿಸಿ ಹೊಸದು ಹಾಕಿದೆ. ಈ ಸಲ ಒಂಬತ್ತು ನಿಮಿಷಕ್ಕೇ ಹೋಯ್ತು.

ಹಳೇಬೆಸುಗೆ

58 ಅನ್ನೋ ಅಂಕಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಆ ಸೆನ್ಸರ್ ಇರುವುದು ಜಿಪಿಯು ಚಿಪ್ ಒಳಗೆ. ನಿಮ್ಮ ದೊಡ್ಡ ಹೀಟ್‌ಸಿಂಕ್ ಕೂತಿರುವುದೂ ಅದರ ಮೇಲೇ, ಹಾಗಾಗಿ ಅದು ತಣ್ಣಗಿದೆ. ಉಳಿದ ಬೋರ್ಡ್ ಹೇಗಿದೆ ಅಂತ ಈ ಕಾರ್ಡ್ ಸಾಫ್ಟ್‌ವೇರ್‌ಗೆ ಹೇಳುವುದೇ ಇಲ್ಲ. ಜಿಡಿಡಿಆರ್5 ಮೆಮೊರಿಯ ತಾಪಮಾನ ಕಾಣಿಸಲ್ಲ, ವೋಲ್ಟೇಜ್ ಇಳಿಸುವ ಭಾಗವಾದ ವಿಆರ್‌ಎಂದೂ ಕಾಣಿಸಲ್ಲ.

ನೀವು "ಕಪ್ಪು ಬಿಡಿಭಾಗ" ಅಂದದ್ದೇ ವಿಆರ್‌ಎಂ ಸಾಲಿನ ಮಾಸ್ಫೆಟ್‌ಗಳು. 12 ವೋಲ್ಟನ್ನು ಸುಮಾರು 1 ವೋಲ್ಟ್‌ಗೆ ಇಳಿಸಿ ಚಿಪ್‌ಗೆ ಕೊಡುವುದು ಅವುಗಳ ಕೆಲಸ. ಇದು 150 ವಾಟ್ ಕಾರ್ಡ್. ಅದರಲ್ಲಿ ಚಿಪ್ ಒಂದೇ 100 ವಾಟ್ ಎಳೆಯಿತು ಅಂದುಕೊಳ್ಳಿ, 1 ವೋಲ್ಟ್‌ನಲ್ಲಿ ಅದು 100 ಆಂಪಿಯರ್. ಈ ಇಳಿಸಾಟದಲ್ಲಿ ನೂರಕ್ಕೆ ಹತ್ತು ಪಾಲು ಪೋಲಾದರೂ ಹತ್ತು ವಾಟ್‌ಗೂ ಹೆಚ್ಚು ಶಾಖ ಕೆಲವೇ ಮಿಲಿಮೀಟರ್ ಅಗಲದ ತುಂಡುಗಳಲ್ಲಿ ಹುಟ್ಟುತ್ತೆ. ಬರಿಮೈಯಲ್ಲಿ ಅವು ಅದನ್ನು ತಡೆಯಲ್ಲ. ಬಿಸಿ ಮಿತಿ ಮೀರಿದಾಗ ರಕ್ಷಣೆಯ ಸರ್ಕ್ಯೂಟ್ ವಿದ್ಯುತ್ ಕಡಿದುಹಾಕುತ್ತೆ, ನಿಮಗೆ ಕಾಣುವುದು ಕಪ್ಪು ಸ್ಕ್ರೀನ್.

ಬ್ಲೋವರ್ ಕಾರ್ಡ್‌ಗಳಲ್ಲಿ ಹೊರಗವಚದ ಕೆಳಗೆ ಒಂದು ಲೋಹದ ಪ್ಲೇಟ್ ಇರುತ್ತೆ. ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತನೆಯ ಹಾಳೆ) ಮೂಲಕ ಮೆಮೊರಿಗೂ ವಿಆರ್‌ಎಂಗೂ ತಾಗಿ, ಅದರ ಬಿಸಿಯನ್ನು ಬ್ಲೋವರ್ ಗಾಳಿಗೆ ಒಡ್ಡುವುದು ಅದೇ. ನೀವು "ಪೂರ್ತಿ ಬಿಚ್ಚಿ" ಅಂದಾಗಲೇ ನನಗೆ ಅನುಮಾನ ಬಂತು. 2016ರಲ್ಲಿ ಇದೇ ಪೀಳಿಗೆಯ ಕೆಲವು ಕಾರ್ಡ್‌ಗಳಲ್ಲಿ ವಿಆರ್‌ಎಂ ಬಿಸಿ ದೊಡ್ಡ ಸುದ್ದಿಯಾಗಿ, ತಯಾರಕರು ಥರ್ಮಲ್ ಪ್ಯಾಡ್‌ಗಳನ್ನು ಪುಕ್ಕಟೆಯಾಗಿ ಕಳಿಸಿಕೊಟ್ಟಿದ್ದರು. ಅದು ಕಾರ್ಖಾನೆಯ ಕೂಲರ್ ಇದ್ದಾಗಲೇ ಆದ ಕಥೆ.

ಎರಡು ಪರೀಕ್ಷೆ ಮಾಡಿ. ಕಾರ್ಡ್ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರ್ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 60%ಗೆ ಇಳಿಸಿ ಆಡಿ. ಆಮೇಲೆ 100%ಗೆ ಏರಿಸಿ, ಕ್ಯಾಬಿನೆಟ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಗಾಳಿ ನೇರ ಕಾರ್ಡ್‌ಗೆ ಹಿಡಿಯಿರಿ. ಓಡುವಾಗ ಬೆರಳು ಹಾಕಿ ಬಿಸಿ ನೋಡುವ ಸಾಹಸ ಬೇಡ. ಆಫ್ ಮಾಡಿದ ಮೇಲೆ ಅಂಟಿಸಿದ ತುಂಡುಗಳನ್ನು ಒಂದೊಂದಾಗಿ ಎಣಿಸಿ. ಟವರ್ ಕ್ಯಾಬಿನೆಟ್‌ನಲ್ಲಿ ಕಾರ್ಡ್‌ನ ಮುಖ ಕೆಳಗಿರುತ್ತೆ, ಅಂದರೆ ಅವೆಲ್ಲ ತಲೆಕೆಳಗಾಗಿ ಬರೀ ಅಂಟಿನ ನಂಬಿಕೆಯಲ್ಲಿ ನೇತಾಡುತ್ತಿವೆ.

ಸದ್ದಡಗಲಿ

ಸರ್, 60%ನಲ್ಲಿ ನಲವತ್ತು ನಿಮಿಷ ಆಡಿದೆ, ಏನೂ ಆಗಲಿಲ್ಲ. 100% ಮತ್ತು ಟೇಬಲ್ ಫ್ಯಾನ್: ಇಪ್ಪತ್ತೈದು ನಿಮಿಷ, ಆಗಲೂ ಏನೂ ಇಲ್ಲ, ನಾನೇ ನಿಲ್ಲಿಸಿದೆ.

ಎಣಿಸಿದೆ. ಒಂದು ಕಮ್ಮಿ! ಎಸ್‌ಎಂಪಿಎಸ್ ಮೇಲಿನ ಮುಚ್ಚಳದ ಮೇಲೆ ಬಿದ್ದಿತ್ತು. ಅದರ ಅಂಟಿನ ಮೇಲೆ ಒಂದು ಅಂಚಿನಲ್ಲಷ್ಟೇ ಸಣ್ಣ ಗೆರೆಯಂಥ ಗುರುತು ಇದೆ, ಉಳಿದದ್ದು ಹೊಸದರ ಹಾಗೆ ಹೊಳೆಯುತ್ತಿದೆ. ಟಾರ್ಚ್ ಹಾಕಿ ಉಳಿದವನ್ನು ನೋಡಿದರೆ ಇನ್ನೂ ಎರಡು ವಾಲಿಕೊಂಡಿವೆ. ಪಕ್ಕದ ಚೌಕಾಕಾರದ ತಂತಿಸುರುಳಿ ಭಾಗಗಳಾದ ಚೋಕ್‌ಗಳು ಎತ್ತರ, ಮಾಸ್ಫೆಟ್ ಗಿಡ್ಡ. ತುಂಡು ಚೋಕ್‌ನ ಹೆಗಲ ಮೇಲೆ ಕೂತಿದೆ, ಮಾಸ್ಫೆಟ್‌ಗೂ ಅದಕ್ಕೂ ನಡುವೆ ಬೆಳಕು ಕಾಣುತ್ತೆ.

ಹಳೇಬೆಸುಗೆ

ಆ ತುಂಡು ಬೋರ್ಡ್ ಮೇಲೆ ಬಿದ್ದು ಎರಡು ಬೆಸುಗೆಗಳನ್ನು ಸೇರಿಸದೆ ಕೆಳಗೆ ಬಿದ್ದಿದ್ದು ನಿಮ್ಮ ಪುಣ್ಯ. ಪ್ಲೇಟ್ ಸರಿಯಾಗುವವರೆಗೆ ಕಾರ್ಡ್ ಆನ್ ಮಾಡಬೇಡಿ.

ನನ್ನ ಸಲಹೆ ಹಳೇ ಪ್ಲೇಟನ್ನೇ ವಾಪಸ್ ಹಾಕುವುದು. ಕವಚ, ಫ್ಯಾನ್, ನಡುವಿನ ಫಿನ್ ಗಡ್ಡೆ ಬೇರೆ ಬೇರೆ ಸ್ಕ್ರೂನಲ್ಲಿ ಬರುತ್ತವೆ, ಪ್ಲೇಟ್ ಒಂದೇ ಉಳಿಯುತ್ತೆ. ಅದರ ನಡುವಿನ ಕಿಂಡಿಯಲ್ಲಿ ಹೊಸ ಕೂಲರ್‌ನ ಬೇಸ್ ಇಳಿಯುತ್ತದಾ, ಹೀಟ್‌ಪೈಪ್ ಎಲ್ಲಾದರೂ ಪ್ಲೇಟಿನ ಅಂಚಿಗೆ ತಾಗುತ್ತದಾ ಅಂತ ಮೊದಲು ಥರ್ಮಲ್ ಪೇಸ್ಟ್ ಹಾಕದೆ ಒಣದಾಗಿ ಇಟ್ಟು ನೋಡಿ. ಹಳೇ ಪ್ಯಾಡ್ ಬಿಚ್ಚುವಾಗ ಹರಿದಿರುತ್ತವೆ, ಹೊಸದು ಹಾಕಿ. ದಪ್ಪ ಅಳೆಯುವುದಾದರೆ ಒತ್ತು ಬೀಳದ ಮೂಲೆಯಲ್ಲಿ ಅಳೆಯಿರಿ. "ದಪ್ಪ ಇದ್ದರೆ ಒಳ್ಳೇದು" ಅನ್ನುವುದು ಇಲ್ಲಿ ನಡೆಯಲ್ಲ. ಪ್ಲೇಟ್ ಎತ್ತರದಲ್ಲಿ ಕೂತರೆ ಕೂಲರ್‌ನ ಬೇಸ್ ಚಿಪ್‌ನಿಂದ ಎದ್ದುಬಿಡುತ್ತೆ.

ಸ್ಕ್ರೂಗಳನ್ನು ಗುಣಾಕಾರದ ಚಿಹ್ನೆಯಂತೆ ಎದುರುಬದುರು, ಒಂದೊಂದಕ್ಕೂ ಅರ್ಧ ಸುತ್ತು. ಪ್ರೊಸೆಸರ್‌ಗೆ ಇರುವ ಹಾಗೆ ಜಿಪಿಯುಗೆ ಲೋಹದ ಟೊಪ್ಪಿಗೆ ಇಲ್ಲ, ಬೆತ್ತಲೆ ಸಿಲಿಕಾನ್. ಒಂದೇ ಕಡೆ ಬಿಗಿದರೆ ಮೂಲೆ ಚಕ್ಕೆ ಏಳುತ್ತೆ, ಅದಕ್ಕೆ ರಿಪೇರಿ ಇಲ್ಲ. ಹಳೇ ಪೇಸ್ಟ್ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಯಾರಾದರೂ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿ ಅಂದರೆ ಕೇಳಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತೆ, ಹನಿ ಜಾರಿದರೆ ಬೋರ್ಡ್ ಶಾರ್ಟ್.

ಪಿಕ್ಸೆಲ್‌ಪುಟ್ಟ

ಬಿದ್ದ ತುಂಡುಗಳಿಗೆ ಎಪಾಕ್ಸಿ ಹಾಕಿ ಗಟ್ಟಿ ಮಾಡಿದರೆ ಆಗಲ್ವಾ? ಅಷ್ಟೆಲ್ಲ ಬಿಚ್ಚೋ ಕೆಲಸ ಉಳಿಯುತ್ತೆ.

ಹಳೇಬೆಸುಗೆ

ಆಗುತ್ತೆ, ಆಮೇಲೆ ಬರಲ್ಲ. ಮುಂದೆ ಕೀಳಲು ಹೋದರೆ ತುಂಡಿನ ಜೊತೆ ಅದರಡಿಯ ಮಾಸ್ಫೆಟ್ ಕೂಡ ಕಿತ್ತು ಬರುತ್ತೆ. ಪ್ಲೇಟ್ ಕೂರದೇ ಹೋದರೆ ಮಾತ್ರ ಆ ದಾರಿ, ಅದೂ ಚೋಕ್‌ಗೆ ತಾಗದಷ್ಟು ಸಪೂರ ತುಂಡು ಸಿಕ್ಕರೆ.

ಗಾಳಿಗೋಪುರ

ಫ್ಯಾನ್ ವಿಷಯ ನಾನು ಹೇಳುತ್ತೇನೆ. ಮದರ್‌ಬೋರ್ಡ್‌ಗೆ ಸಿಕ್ಕಿಸಿದ ಫ್ಯಾನ್ ಪ್ರೊಸೆಸರ್ ಬಿಸಿಗೆ ಕುಣಿಯುತ್ತೆ, ಜಿಪಿಯು ಬಿಸಿ ಅದಕ್ಕೆ ಗೊತ್ತೇ ಇಲ್ಲ. ಬ್ರೌಸರ್ ತೆರೆದಾಗ ಪ್ರೊಸೆಸರ್ ಒಂದು ಕ್ಷಣ ಹಾರುತ್ತೆ, ಫ್ಯಾನ್ ಕೂಗುತ್ತೆ.

ಕಾರ್ಡ್‌ನಲ್ಲೇ ಹಳೇ ಬ್ಲೋವರ್ ಸಿಕ್ಕಿಸಿದ್ದ ಪುಟ್ಟ 4 ಪಿನ್ ಸಾಕೆಟ್ ಇದೆ. ಮದರ್‌ಬೋರ್ಡ್ ಫ್ಯಾನ್ ಪಿನ್‌ಗಳ ನಡುವಿನ ಅಂತರ 2.54 ಮಿ.ಮೀ., ಇದರದ್ದು ಅದಕ್ಕಿಂತ ಸಣ್ಣದು, ನೇರ ಕೂರಲ್ಲ. ಸಣ್ಣ 4 ಪಿನ್‌ನಿಂದ ಎರಡು ಮಾಮೂಲಿ ಫ್ಯಾನ್‌ಗೆ ಕವಲೊಡೆಯುವ ಅಡಾಪ್ಟರ್ ಕೇಬಲ್ ಸಿಗುತ್ತೆ, ಅದನ್ನು ಹಾಕಿ. ಬಣ್ಣ ನೋಡಿ ವೈರ್ ಕತ್ತರಿಸಿ ಜೋಡಿಸಬೇಡಿ, ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಫ್ಯಾನ್‌ಗಳು 4 ಪಿನ್ ಪಿಡಬ್ಲ್ಯುಎಂ (ಸಂಕೇತದಿಂದ ವೇಗ ಬದಲಿಸುವ) ಮಾದರಿ ಆಗಿರಬೇಕು. 3 ಪಿನ್‌ನವು ಅಲ್ಲಿ ಸದಾ ಪೂರ್ತಿ ವೇಗದಲ್ಲಿ ಓಡುತ್ತವೆ. ಎರಡೂ ಫ್ಯಾನ್ ಲೇಬಲ್‌ನ ಆಂಪಿಯರ್ ಕೂಡಿದರೆ ಹಳೇ ಬ್ಲೋವರ್ ಲೇಬಲ್‌ನಲ್ಲಿರುವುದನ್ನು ಮೀರಬಾರದು. ಸಾಮಾನ್ಯವಾಗಿ ಹತ್ತಿರಕ್ಕೂ ಬರಲ್ಲ.

ಒಂದು ಮಾತು ಯಾರೂ ಹೇಳಲಿಲ್ಲ. ಬ್ಲೋವರ್ ಬಿಸಿ ಗಾಳಿಯನ್ನು ಹಿಂಬದಿಯಿಂದ ಹೊರಗೇ ಉಗುಳುತ್ತಿತ್ತು. ಈಗ ಆ 150 ವಾಟ್ ಶಾಖವೆಲ್ಲ ಕ್ಯಾಬಿನೆಟ್ ಒಳಗೇ ಸುತ್ತುತ್ತೆ. ಹಿಂದೆ ಒಂದು ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಪ್ರೊಸೆಸರ್ ತಾಪ ಏರುವುದು ಖಾತ್ರಿ.

ಸದ್ದಡಗಲಿ (ಐದು ದಿನದ ನಂತರ)

ಕೆಲಸ ಆಯ್ತು, ಆದರೆ ಒಂದೇ ಏಟಿಗೆ ಅಲ್ಲ. ಪ್ಲೇಟ್‌ಗೆ 1.5 ಮಿ.ಮೀ. ಪ್ಯಾಡ್ ಹಾಕಿ ಜೋಡಿಸಿದೆ. ಆನ್ ಮಾಡಿ ಲೋಡ್ ಕೊಟ್ಟ ಒಂದೇ ನಿಮಿಷಕ್ಕೆ ಚಿಪ್ 86! ಜೀವ ಬಾಯಿಗೆ ಬಂತು. ಬಿಚ್ಚಿ ನೋಡಿದರೆ ಪೇಸ್ಟ್ ಚಿಪ್‌ನ ಅರ್ಧದಲ್ಲಿ ತೆಳ್ಳಗೆ ಹರಡಿದೆ, ಇನ್ನರ್ಧದಲ್ಲಿ ನಾನಿಟ್ಟ ಉಂಡೆ ಇಟ್ಟ ಹಾಗೇ ಕೂತಿದೆ. ಹೀಟ್‌ಪೈಪ್ ಒಂದು ಕಡೆ ಪ್ಲೇಟಿನ ಅಂಚಿಗೆ ತಾಗಿ ನಿಂತಿತ್ತು, ಅಲ್ಲೊಂದು ಗೀರೂ ಬಿದ್ದಿದೆ. 1 ಮಿ.ಮೀ. ಪ್ಯಾಡ್ ತಂದು ಮತ್ತೆ ಜೋಡಿಸಿದೆ. ಈ ಸಲ ಒಮ್ಮೆ ಕೂರಿಸಿ, ಬಿಚ್ಚಿ, ಪೇಸ್ಟ್ ಪೂರ್ತಿ ಚೌಕಕ್ಕೆ ಹರಡಿದ್ದು ಕಣ್ಣಾರೆ ನೋಡಿ, ಒರೆಸಿ, ಹೊಸ ಪೇಸ್ಟ್ ಹಾಕಿ ಬಿಗಿದೆ.

ಈಗ ಪವರ್ ಲಿಮಿಟ್ 100%, ಎರಡು ಗಂಟೆ ಸತತ ಆಟ, 61 ಡಿಗ್ರಿ. ಫ್ಯಾನ್ ನಿಮಿಷಕ್ಕೆ 900 ಸುತ್ತು, ಕಾರ್ಡ್‌ನ ಸಾಕೆಟ್‌ನಿಂದಲೇ. ಕಪ್ಪು ಸ್ಕ್ರೀನ್ ಇಲ್ಲ. ಪ್ರೊಸೆಸರ್ 7 ಡಿಗ್ರಿ ಏರಿತ್ತು, ಹಿಂದೆ ಒಂದು ಫ್ಯಾನ್ ಹಾಕಿದ ಮೇಲೆ ಆ ಏರಿಕೆ 2ಕ್ಕೆ ಇಳಿಯಿತು.

ಆದರೆ ಈಗ ಹೊಸ ಕಾಟ. ಗೇಮ್ ಮೆನು ತೆರೆದಾಗ ಕಾರ್ಡ್‌ನಿಂದ ಸಣ್ಣಗೆ "ಕೀಂಯ್" ಅಂತ ಸದ್ದು. ಏನೋ ಕೆಡಿಸಿಬಿಟ್ಟೆನಾ?

ಹಳೇಬೆಸುಗೆ

ಇಲ್ಲ. ಅದು ಚೋಕ್‌ಗಳು ನಡುಗುವ ಸದ್ದು. ಮೊದಲಿನಿಂದಲೂ ಇದ್ದಿರಬೇಕು, ಬ್ಲೋವರ್ ಅರಚಾಟದಲ್ಲಿ ನಿಮಗೆ ಕೇಳಿಸಿಲ್ಲ. ಮೆನುವಿನಲ್ಲಿ ಫ್ರೇಮ್ ರೇಟ್ ಸೆಕೆಂಡಿಗೆ ಸಾವಿರದತ್ತ ಓಡುತ್ತಿರುತ್ತೆ, ಡ್ರೈವರ್‌ನಲ್ಲಿ ಮಾನಿಟರ್‌ಗೆ ತಕ್ಕ ಮಿತಿ ಹಾಕಿ.

ಸದ್ದಡಗಲಿ

60ಕ್ಕೆ ಮಿತಿ ಹಾಕಿದೆ, ಸದ್ದು ನಿಂತಿತು. ಈಗ ಹಾರ್ಡ್ ಡಿಸ್ಕ್ ಕಟಕಟ ಕೇಳಿಸುತ್ತಿದೆ. ಅದನ್ನು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ ಸರ್.