ಕಾಕಂಬಿ ಕೊಟ್ಟರೆ ಹಸುವಿಗೆ ತಾಮ್ರದ ಕೊರತೆ ಆಗುತ್ತಾ?

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕು): ಡಾಕ್ಟ್ರೇ, ನಮಸ್ಕಾರ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು ಕರು ಹಾಕಿ ಐದು ತಿಂಗಳಾಯ್ತು, ಇನ್ನೂ ಬೆದೆಗೆ ಬಂದಿಲ್ಲ. ಕಪ್ಪು ಕೂದಲು ಕೆಂಪಗಾಗುತ್ತಿದೆ, ಕಣ್ಣಿನ ಸುತ್ತ ಜಾಸ್ತಿ. ರಾಗಿ ಹುಲ್ಲು ತಿನ್ನಲಿ ಅಂತ ದಿನಾ ಒಂದೂವರೆ ಕೆಜಿ ಕಾಕಂಬಿ ಚಿಮುಕಿಸುತ್ತೇವೆ, ಬೂಸಾ ಕಡಿಮೆ ಮಾಡಿದ್ದೇವೆ. ಸಕ್ಕರೆ ತಿಂದರೆ ತಾಮ್ರ ಹೋಗುತ್ತದೆ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ನಿಜಾನಾ ಸಾರ್?

ಪಶುವೈದ್ಯರ ಉತ್ತರ: ನಮಸ್ಕಾರ. ಆ ಮಾತು ಬಂದಿದ್ದು ಇಲಿಗಳ ಪ್ರಯೋಗದಿಂದ. 1980ರ ದಶಕದಲ್ಲಿ ಅಮೆರಿಕದಲ್ಲಿ ತಾಮ್ರ ಕಡಿಮೆ ಇರುವ ಆಹಾರ ಕೊಟ್ಟು ನೋಡಿದರು. ಜೊತೆಗೆ ಫ್ರಕ್ಟೋಸ್ ಎಂಬ ಸಕ್ಕರೆ ತಿಂದ ಇಲಿಗಳಿಗೆ ರಕ್ತಹೀನತೆ ಬಂತು, ಹೃದಯ ಊದಿಕೊಂಡಿತು, ಎಷ್ಟೋ ಸತ್ತವು. ಗಂಡು ಇಲಿಗಳಿಗೇ ತೊಂದರೆ ಹೆಚ್ಚು. ಅಷ್ಟೇ ಕಡಿಮೆ ತಾಮ್ರದ ಜೊತೆ ಪಿಷ್ಟ ತಿಂದವು ಅಷ್ಟಾಗಿ ನರಳಲಿಲ್ಲ.

ಹಸುವಿನ ಕಥೆ ಬೇರೆ. ಸಕ್ಕರೆಯನ್ನು ರೂಮೆನ್‌ನ (ಮೇವು ಮೊದಲು ಸೇರುವ ದೊಡ್ಡ ಹೊಟ್ಟೆಯ) ಸೂಕ್ಷ್ಮಜೀವಿಗಳು ಮೊದಲೇ ಆಮ್ಲ ಮಾಡಿಬಿಡುತ್ತವೆ. ಹಾಗಾಗಿ ಸಿಹಿಯ ಮೇಲೆ ನನಗೆ ಅನುಮಾನವಿಲ್ಲ, ಕಾಕಂಬಿಯಲ್ಲಿರುವ ಗಂಧಕದ ಮೇಲಿದೆ. ಅದು ರೂಮೆನ್‌ನಲ್ಲಿ ಮೇವಿನಲ್ಲಿರುವ ಮಾಲಿಬ್ಡಿನಂ ಎಂಬ ಖನಿಜದ ಜೊತೆ ಸೇರಿ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ತಾಮ್ರ ಮೈಗೆ ಹತ್ತದೆ ಸಗಣಿಯಲ್ಲಿ ಹೋಗುತ್ತದೆ. ಕೊಳವೆಬಾವಿ ನೀರಿನಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಅದೂ ತಾಮ್ರಕ್ಕೆ ಅಡ್ಡ. ತೊಟ್ಟಿಯಲ್ಲಿ ಕೆಂಪು ಕಲೆ ಕಟ್ಟುತ್ತದಾ ನೋಡಿ. ಕಾಕಂಬಿಯಲ್ಲಿ ಪೊಟ್ಯಾಶಿಯಂ ಕೂಡ ಹೆಚ್ಚು, ಅದರಿಂದ ಮೆಗ್ನೀಶಿಯಂ ಸರಿಯಾಗಿ ಸಿಗುವುದಿಲ್ಲ. ರಂಜಕ ಮಾತ್ರ ತೀರಾ ಕಡಿಮೆ. ಬೂಸಾದಲ್ಲಿ ರಂಜಕ ಚೆನ್ನಾಗಿರುತ್ತದೆ, ನೀವು ಅದನ್ನೇ ಕಡಿಮೆ ಮಾಡಿದ್ದೀರಿ. ದಯವಿಟ್ಟು ಮೊದಲು ಬೂಸಾ ವಾಪಸ್ ತನ್ನಿ.

ಕಾಕಂಬಿಯನ್ನು ಹಿಂಡಿ-ಬೂಸಾ ತೂಕದ ಹತ್ತರಲ್ಲೊಂದು ಭಾಗಕ್ಕೆ ಇಳಿಸಿ. ದಿನಾ 50 ಗ್ರಾಂ ಖನಿಜ ಮಿಶ್ರಣ ಹಾಕಿ. ಕಣ್ಣಿನ ಸುತ್ತ ಬಣ್ಣ ಮಾಸುವುದು ತಾಮ್ರದ ಕೊರತೆಯ ಗುರುತೇ. ಆದರೂ ಬೆದೆಗೆ ಬಾರದಿರಲು ಬೇರೆ ಕಾರಣಗಳೂ ಇರುತ್ತವೆ, ಗರ್ಭಕೋಶ ಪರೀಕ್ಷೆ ಮಾಡಿಸಿ. ಜಂತುಹುಳದ ಔಷಧಿ ಹಾಕಿಸಿ ಎಷ್ಟು ದಿನವಾಯ್ತು ಅಂತಲೂ ತಿಳಿಸಿ. ರಕ್ತ ಪರೀಕ್ಷೆಯಲ್ಲಿ ತಾಮ್ರ ಸರಿ ಇದೆ ಅಂತ ಬಂದರೆ ನಿರಾಳ ಆಗಬೇಡಿ. ಈಲಿಯಲ್ಲಿ (ಲಿವರ್‌ನಲ್ಲಿ) ಕೂಡಿಟ್ಟ ತಾಮ್ರ ಖಾಲಿಯಾದ ಮೇಲಷ್ಟೇ ರಕ್ತದಲ್ಲಿ ಇಳಿಯುತ್ತದೆ.

ಮರುಪ್ರಶ್ನೆ (ಬಾಗೇಪಲ್ಲಿ): ಸಾರ್, ನಾವು ಕರು ಹಾಕಿದ ಹಸುವಿಗೆ ಸ್ವಲ್ಪ ಬೆಲ್ಲ ಕೊಡ್ತೀವಿ. ನಿಲ್ಲಿಸಬೇಕಾ? ಹಸುವಿನ ಖನಿಜ ಮಿಶ್ರಣ ಕುರಿಗೂ ಹಾಕಬಹುದಾ?

ಉತ್ತರ: ಅಕ್ಕಾ, ನೂರಿನ್ನೂರು ಗ್ರಾಂ ಬೆಲ್ಲದಿಂದ ತೊಂದರೆಯಿಲ್ಲ. ಒಂದೇ ಸಲ ಕೆಜಿಗಟ್ಟಲೆ ಕೊಟ್ಟರೆ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ. ಕುರಿಗೆ ಮಾತ್ರ ಹಸುವಿನದು ಬೇಡವೇ ಬೇಡ. ಕುರಿ ತಾಮ್ರವನ್ನು ಬೇಗ ಹೊರಹಾಕುವುದಿಲ್ಲ, ಈಲಿಯಲ್ಲಿ ತಿಂಗಳುಗಟ್ಟಲೆ ಸೇರಿಸಿಕೊಳ್ಳುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ ಸಾಯುತ್ತದೆ. ಕುರಿಗೆ ಅಂತಲೇ ಬರೆದಿರುವ ಪ್ಯಾಕೆಟ್ ಕೇಳಿ ತನ್ನಿ.